ಬಿಡಾರದ ಬೂದಿ

ಕಳೆದ ಚಳಿಗಾಲದ ರಜೆಯಲ್ಲಿ ನಮ್ಮ ಕಾಲೇಜಿನ ಕೆಲವು ಹುಡುಗರು ದಾಂಡೇಲಿಯ ಕಾಡಿಗೆ ಹೋಗಿ, ಬಾಡಿಗೆಯ ಡೇರೆಯಲ್ಲಿ ಎರಡು ರಾತ್ರಿ ಕಳೆದು ಬಂದರು. ಬೆಂಕಿಯ ಸುತ್ತ ಕುಳಿತದ್ದು, ಬಯಲಲ್ಲಿ ಮಲಗಿ ನಕ್ಷತ್ರ ನೋಡಿದ್ದು, ರಾತ್ರಿ ಯಾವುದೋ ಪ್ರಾಣಿ ಕೂಗಿದ್ದು, ಎಲ್ಲವನ್ನೂ ಒಂದು ವಾರ ವರ್ಣಿಸಿದರು. ಕೊನೆಗೆ ಅವರಲ್ಲೊಬ್ಬ ನನ್ನ ಬಳಿ ಬಂದು, "ಸರ್, ಕ್ಯಾಂಪಿಂಗ್ ಎಂಬುದಕ್ಕೆ ಕನ್ನಡದಲ್ಲಿ ಸರಿಯಾದ ಮಾತೇ ಇಲ್ಲವಲ್ಲ! ನಮ್ಮ ಹಿರಿಯರಿಗೆ ಆ ರೂಢಿ ಇರಲಿಲ್ಲವೆಂದು ಕಾಣುತ್ತದೆ" ಎಂದ. ಕನ್ನಡ ಪಾಠ ಹೇಳುವವನಿಗೆ ಇಂಥ ಮಾತು ಚುಚ್ಚದೆ ಇರುತ್ತದೆಯೆ? ಆಗ ನಾಲ್ಕು ಶಬ್ದ ಹೇಳಿ ಕಳುಹಿಸಿದೆ. ಆದರೆ ಉತ್ತರ ನಾಲ್ಕು ಶಬ್ದಕ್ಕೆ ಮುಗಿಯುವಂಥದಲ್ಲ ಎಂದು ಆಮೇಲೆ ತೋರಿತು.

ಶಬ್ದಗಳಿಗೇನೂ ಬಡತನವಿಲ್ಲ. ‘ಬಿಡು’ ಎಂಬ ಧಾತುವಿನಿಂದ ‘ಬೀಡು’ ಬಂತು. ಬಂಡಿಯ ಎತ್ತನ್ನು ಬಿಟ್ಟು, ಹೊರೆ ಇಳಿಸಿ, ರಾತ್ರಿ ತಂಗಿದ ಜಾಗವೇ ಬೀಡು. ಶಾಸನಗಳಲ್ಲಿ ಚಾಲುಕ್ಯ ರಾಜರು ಆಳುತ್ತಿದ್ದುದು ‘ನೆಲೆವೀಡಿ’ನಿಂದ; ಅಂದರೆ ನೆಲೆಯಾಗಿ ನಿಂತ ಬೀಡಿನಿಂದ. ‘ಬಿಡಾರ’ ಇದೇ ಬಳ್ಳಿಯ ಇನ್ನೊಂದು ಕುಡಿ. ದಂಡು ಇಳಿದ ಜಾಗ ‘ಪಾಳೆಯ’. ಅದನ್ನು ಹಿಡಿದವನು ಪಾಳೆಯಗಾರ. ದನಕುರಿಗಳನ್ನು ಕೂಡಿದ ಆವರಣ ‘ಹಟ್ಟಿ’. ಲಂಬಾಣಿಗಳ ಬಿಡಾರ ‘ತಾಂಡಾ’. ನಿಜಾಮರ ಆಳ್ವಿಕೆ ಕಂಡ ನಮ್ಮ ಕಡೆಯಲ್ಲಿ ‘ಮುಕ್ಕಾಮು’, ‘ಡೇರೆ’ಗಳು ಮನೆಮಾತು. ಒಂದು ಜನ ತಾನು ದಿನವೂ ಮಾಡುವ ಕೆಲಸಕ್ಕಲ್ಲದೆ ಇಷ್ಟು ಮಾತುಗಳನ್ನು ಕಟ್ಟಿಕೊಳ್ಳುವುದಿಲ್ಲ.

ಆದರೆ ಹುಡುಗನ ಪ್ರಶ್ನೆಗೆ ನಿಜವಾದ ಉತ್ತರವನ್ನು ನಾನು ಕಂಡದ್ದು ನಿಘಂಟಿನಲ್ಲಿ ಅಲ್ಲ, ಜಾಲಹಳ್ಳಿಯ ಹೊರಗಿನ ಒಂದು ಹೊಲದಲ್ಲಿ.

ಜಾಲಹಳ್ಳಿ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿಗೆ ಸೇರಿದ ಹೋಬಳಿಯ ಊರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ನೆಲವನ್ನು ಶಾಸನಗಳು ‘ಎಡೆದೊರೆ’ ಎಂದು ಕರೆಯುತ್ತವೆ. ತೊರೆಗಳ ಎಡೆಯ ನಾಡು ಎಂಬ ಅರ್ಥ ಹೆಸರಿನಲ್ಲಿಯೇ ಇದೆ. ಊರು ದಾಟಿ ಮುಂದೆ ಹೋದರೆ ತಿಂಥಣಿಯ ಸೇತುವೆ. ಸೇತುವೆಯಾಚೆ ಮೌನೇಶ್ವರನ ಕ್ಷೇತ್ರ, ಬೇಡ ನಾಯಕರು ಆಳಿದ ಸುರಪುರದ ಸೀಮೆ. ಈ ನೆಲದಲ್ಲಿ ಕಪ್ಪು ಎರೆಯೂ ಉಂಟು, ಕೆಂಪು ಮಸಾರಿಯೂ ಉಂಟು, ನಡುನಡುವೆ ಬೋಳು ಬಂಡೆಗುಡ್ಡಗಳೂ ಉಂಟು.

ಕೆಲವು ವರ್ಷಗಳ ಹಿಂದೆ ಶಿಷ್ಯನೊಬ್ಬನ ಮದುವೆಗೆಂದು ಅಲ್ಲಿಗೆ ಹೋಗಿದ್ದೆ. ಬೇಸಿಗೆ ಕಾಲಿಡುತ್ತಿದ್ದ ದಿನ. ಮದುವೆಮನೆಯ ಗದ್ದಲ, ಸೆಕೆ ತಾಳಲಾರದೆ ಸಂಜೆ ಊರ ಹೊರಗೆ ಅಡ್ಡಾಡಲು ಹೊರಟೆ. ಜೋಳ ಕೊಯ್ದು ಬಿಟ್ಟ ಒಂದು ಹೊಲದಲ್ಲಿ ಕುರಿಗಳ ಹಿಂಡು ಇಳಿದಿತ್ತು. ಗೂಟ ನೆಟ್ಟು ಸುತ್ತಲೂ ಬಲೆ ಕಟ್ಟಿದ್ದರು. ಎಳೆಯ ಮರಿಗಳು ಬುಟ್ಟಿಯ ಅಡಿಯಲ್ಲಿ ಅರಚುತ್ತಿದ್ದವು. ಮೂರು ಕಲ್ಲಿನ ಒಲೆಯ ಮೇಲೆ ಹೆಂಗಸೊಬ್ಬಳು ರೊಟ್ಟಿ ಬೇಯಿಸುತ್ತಿದ್ದಳು. ಸಾಮಾನು ಹೊರುವ ಕುದುರೆ ಒಂದು ಕಡೆ, ಎರಡು ನಾಯಿ ಒಂದು ಕಡೆ. ಬಿಳಿಯ ಮೀಸೆಯ ಯಜಮಾನ ಕಂಬಳಿ ಹಾಸಿ, "ಕುಂದರ್ರಿ ಮಾಸ್ತರ" ಎಂದ. ಕುಳಿತೆ. ರೊಟ್ಟಿ ತಿಂದೆ. ಆ ರಾತ್ರಿ ಅಲ್ಲಿಯೇ ಮಲಗಿದೆ.

ಬಿಡಾರಕ್ಕೆ ಹೊಲದವರು ಬೇಡವೆನ್ನುವುದಿಲ್ಲವೆ ಎಂದು ಕೇಳಿದೆ. ಯಜಮಾನ ನಕ್ಕ.

"ಬ್ಯಾಡ ಅಂತಾರೇನ್ರಿ? ಅವರ ಕರೀತಾರ್ರಿ. ಮೊದಲ ಜ್ವಾಳ ಕೊಡತಿದ್ರು, ಈಗ ರೊಕ್ಕ ಕೊಡ್ತಾರ. ಒಂದ ರಾತ್ರಿಗಿ ಇಷ್ಟು ಅಂತ ಮಾತಾಗಿರ್ತೈತಿ. ಕುರಿ ಮಲಗಿದ ಹೊಲಕ್ಕ ಮುಂದಿನ ಪೀಕಿಗಿ ಬ್ಯಾರೆ ಗೊಬ್ಬರ ಬ್ಯಾಡ್ರಿ."

ವಾಚಕರು ಇದನ್ನು ಸ್ವಲ್ಪ ನಿಂತು ಗಮನಿಸಬೇಕು. ದಾಂಡೇಲಿಯಲ್ಲಿ ನಮ್ಮ ಹುಡುಗರು ಬಯಲಲ್ಲಿ ಮಲಗಿದ್ದಕ್ಕೆ ಹಣ ತೆತ್ತರು. ಜಾಲಹಳ್ಳಿಯಲ್ಲಿ ಬಯಲಲ್ಲಿ ಮಲಗಿದವನಿಗೇ ಹಣ ಸಲ್ಲುತ್ತದೆ. ಹಿಂಡು ಒಂದು ರಾತ್ರಿ ಹೊಲದ ಈ ತುದಿಯಲ್ಲಿ, ಮರುರಾತ್ರಿ ಬಲೆ ಕಿತ್ತು ಇನ್ನೊಂದು ತುದಿಯಲ್ಲಿ. ಹಿಕ್ಕೆ, ಮೂತ್ರ ಎರಡೂ ನೆಲಕ್ಕೆ ಇಳಿದು ಮಣ್ಣು ಹದವಾಗುತ್ತದೆ. ಕೊಯ್ಲಿನ ಕೂಳೆ, ಉದುರಿದ ಎಲೆ ಕುರಿಯ ಹೊಟ್ಟೆ ಸೇರುತ್ತದೆ. ಒಕ್ಕಲಿಗನಿಗೆ ಗೊಬ್ಬರ, ಕುರುಬನಿಗೆ ಕಾಳು, ಕುರಿಗೆ ಮೇವು. ಬಿಡಾರ ನಮ್ಮಲ್ಲಿ ವಿನೋದವೂ ಆಗಿರಲಿಲ್ಲ, ನೆಲೆಯಿಲ್ಲದವನ ದೈನ್ಯವೂ ಆಗಿರಲಿಲ್ಲ. ಉಳುವವನಿಗೂ ಮೇಯಿಸುವವನಿಗೂ ನಡುವೆ ನಡೆದ ಒಪ್ಪಂದ ಅದು. ಈ ಒಪ್ಪಂದ ಎಷ್ಟು ಹಳೆಯದು? ಇದಕ್ಕೆ ಉತ್ತರ ಹೇಳುವ ಸಾಕ್ಷಿ ಕಾಗದದಲ್ಲಿ ಇಲ್ಲ, ಕಲ್ಲಿನಲ್ಲಿಯೂ ಇಲ್ಲ; ಬೂದಿಯಲ್ಲಿ ಇದೆ.

ರಾಯಚೂರು, ಬಳ್ಳಾರಿ, ಸುರಪುರದ ಸೀಮೆಗಳಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಕೆಲವು ಆಳೆತ್ತರ, ಕೆಲವು ಸಣ್ಣ ಗುಡ್ಡದಷ್ಟು. ಮುಟ್ಟಿದರೆ ಕೆಲವೆಡೆ ಮೆತ್ತಗಿನ ಬೂದಿ, ಕೆಲವೆಡೆ ಕರಗಿ ಗಟ್ಟಿಯಾದ ಕಿಟ್ಟ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಸಿಗುವ ಕುಡತಿನಿಯದು ಇವುಗಳಲ್ಲಿ ಹೆಸರಾದದ್ದು. ನಮ್ಮ ಜಿಲ್ಲೆಯಲ್ಲಿ ಗೌಡೂರು, ವಂದಲಿ ಮೊದಲಾದ ಕಡೆಗಳಲ್ಲಿ ಇಂಥವು ದಾಖಲಾಗಿವೆ. ಬೂದಿಹಾಳ, ಬೂದಿಗುಂಟೆ ಎಂದು ಊರಿನ ಹೆಸರಿನಲ್ಲಿಯೇ ಬೂದಿಯನ್ನು ಹೊತ್ತ ಗ್ರಾಮಗಳೂ ಉಂಟು. ಜನ ಇವಕ್ಕೆ ತಮ್ಮದೇ ಅರ್ಥ ಕೊಟ್ಟಿದ್ದಾರೆ. ಹಂಪೆಯ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗವಂತೆ. ಇನ್ನು ಕೆಲವು ರಾಕ್ಷಸರ ಬೂದಿಯಂತೆ.

ಪಂಡಿತರೂ ಇದರಲ್ಲಿ ಹಿಂದೆ ಬೀಳಲಿಲ್ಲ. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ೧೮೪೩ರಲ್ಲಿ ಈ ದಿಬ್ಬಗಳನ್ನು ಕುರಿತು ಲೇಖನವನ್ನು ಪ್ರಕಟಿಸಿದ. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಮೀರಿ ವಾದ ನಡೆಯಿತು. ಜ್ವಾಲಾಮುಖಿಯ ಕಿಟ್ಟ ಎಂದರು ಕೆಲವರು. ಸುಣ್ಣದ ಭಟ್ಟಿ, ಇಟ್ಟಿಗೆಯ ಆವಿಗೆ, ಗಾಜಿನ ಕುಲುಮೆ ಎಂದರು ಇನ್ನು ಕೆಲವರು. ಕಬ್ಬಿಣ ಕರಗಿಸಿದ ಜಾಗ ಎಂದವರುಂಟು. ಯುದ್ಧದ ನಂತರ ಸಾಮೂಹಿಕ ಸಹಗಮನ ನಡೆದ ಸ್ಥಳ ಎಂದವರೂ ಉಂಟು.

ಇವರ ನಡುವೆ ಒಬ್ಬನಿಗೆ ಮಾತ್ರ ಸರಿಯಾದ ದಾರಿ ಹೊಳೆಯಿತು. ಆತ ರಾಬರ್ಟ್ ಬ್ರೂಸ್ ಫೂಟ್. ೧೮೩೪ರಲ್ಲಿ ಹುಟ್ಟಿದ ಈತ ೧೮೫೮ರಲ್ಲಿ ಭಾರತದ ಭೂವಿಜ್ಞಾನ ಸಮೀಕ್ಷೆಯನ್ನು ಸೇರಿ, ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಕಂಡುಹಿಡಿದು, ನಮ್ಮ ದೇಶದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವನು. ವೃತ್ತಿಯಿಂದ ಆತ ಡೇರೆಯ ಮನುಷ್ಯ. ನಕ್ಷೆ ತಯಾರಿಸುವುದಕ್ಕಾಗಿ ವರ್ಷಾನುಗಟ್ಟಲೆ ಈ ಬಯಲುಗಳಲ್ಲಿ ಬಿಡಾರ ಹೂಡಿ, ಊರಿಂದೂರಿಗೆ ಹೋಗುತ್ತಿದ್ದವನು. ಬೂದಿದಿಬ್ಬಗಳು ಹೊಸ ಶಿಲಾಯುಗದ ದನಗಾಹಿಗಳ ಹಟ್ಟಿಗಳೆಂದೂ, ಅಲ್ಲಿ ಒಟ್ಟಿದ ಸಗಣಿ ಸುಟ್ಟು ಬೂದಿಯಾದದ್ದೆಂದೂ ಆತ ಹೇಳಿದ. ಒಂದು ಮಾತನ್ನು ಇಲ್ಲಿ ಊಹೆಯಾಗಿ ಸೇರಿಸುತ್ತೇನೆ: ಸಂಜೆ ಡೇರೆಯ ಬಾಗಿಲಲ್ಲಿ ಕುಳಿತು, ಎದುರಿನ ಬಯಲಿನಲ್ಲಿ ದನಕುರಿಗಳ ಹಟ್ಟಿಯನ್ನು ದಿನವೂ ನೋಡಿದವನಿಗೆ ಹಳೆಯ ಹಟ್ಟಿ ಗುರುತು ಸಿಕ್ಕುವುದು ಸಹಜವೇ ಅಲ್ಲವೆ?

ಫೂಟನ ಮಾತು ಸ್ಥಿರಪಡಲು ಅರ್ಧ ಶತಮಾನ ಹಿಡಿಯಿತು. ಕೇಂಬ್ರಿಜ್ಜಿನ ರೇಮಂಡ್ ಆಲ್ಚಿನ್ ೧೯೫೨ರಲ್ಲಿ ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಅಗೆದ. ೧೯೫೭ರಲ್ಲಿ ಕೃಷ್ಣೆಯ ಉತ್ತರಕ್ಕೆ, ಆಗ ಮಹಬೂಬನಗರ ಜಿಲ್ಲೆಯಲ್ಲಿದ್ದ ಉತ್ನೂರಿನ ಬೂದಿದಿಬ್ಬವನ್ನು ಅಗೆದ. ಅಲ್ಲಿ ಮರದ ಕಂಬಗಳನ್ನು ನೆಟ್ಟು ಕಟ್ಟಿದ ಆವರಣದ ಕುಳಿಗಳು ಕಂಡವು. ಅಷ್ಟೇ ಅಲ್ಲ, ಸುಟ್ಟ ನೆಲದಲ್ಲಿ ದನಗಳ ಗೊರಸಿನ ಗುರುತುಗಳು ಹಾಗೆಯೇ ಉಳಿದಿದ್ದವು! ಸಾವಿರಾರು ವರ್ಷಗಳ ಹಿಂದೆ, ಒಂದು ಹಸುವೋ ಎತ್ತೋ ಕಾಲೂರಿದ ಗುರುತು. ಇದೇ ಹೊತ್ತಿಗೆ ಪ್ರೊಫೆಸರ್ ಜ್ಯೂನರ್ ಎಂಬ ವಿಜ್ಞಾನಿ ಕುಡತಿನಿಯ ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದು ಸಗಣಿಯದೇ ಎಂದು ಸಾರಿದ. ಇವೆಲ್ಲವನ್ನೂ ಸೇರಿಸಿ ಆಲ್ಚಿನ್ ೧೯೬೩ರಲ್ಲಿ ದಕ್ಷಿಣ ಭಾರತದ ಹೊಸ ಶಿಲಾಯುಗದ ದನಗಾಹಿಗಳನ್ನು ಕುರಿತು ಪುಸ್ತಕವನ್ನೇ ಬರೆದ. ಬೆಂಕಿ ಆಕಸ್ಮಿಕವಾಗಿ ಬಿದ್ದದ್ದಲ್ಲ, ಋತುವಿಗೆ ಸರಿಯಾಗಿ ಬೇಕೆಂದೇ ಹಾಕಿದ್ದು ಎಂಬುದು ಆತನ ಊಹೆ. ಹೋಳಿಯ ಬೆಂಕಿಯೂ ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವ ಪದ್ಧತಿಯೂ ಆ ಹಳೆಯ ಬೆಂಕಿಯ ನೆನಪಾಗಿರಬಹುದೆಂದು ಆತನಿಗೆ ತೋರಿತು.

ಜಾಲಹಳ್ಳಿಯಿಂದ ಹೊಳೆ ದಾಟಿದರೆ ಸುರಪುರದ ಸೀಮೆ ಎಂದೆನಲ್ಲ, ಅಲ್ಲಿನ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ೧೯೮೯ರಿಂದ ಹಲವು ವರ್ಷ ಅಗೆತ ನಡೆಸಿದರು. ಅವರಿಗೆ ಹಟ್ಟಿಯೊಂದೇ ಸಿಕ್ಕಲಿಲ್ಲ. ಹಟ್ಟಿಯ ಮಗ್ಗುಲಲ್ಲಿ ಜನ ವಾಸಿಸಿದ ನೆಲ, ಕಲ್ಲಿನ ಅಲಗು ಮಾಡುತ್ತಿದ್ದ ಜಾಗ, ಪಶುಗಳನ್ನು ಕಡಿದು ಪಾಲು ಮಾಡುತ್ತಿದ್ದ ಅಂಗಳ, ಮಡಕೆಯಲ್ಲಿಟ್ಟು ಹೂಳಿದ ಮಕ್ಕಳ ಸಮಾಧಿಗಳೂ ಕಂಡವು. ಕಾಲ, ಇಂದಿಗೆ ಸುಮಾರು ೪,೦೦೦ ವರ್ಷಗಳ ಹಿಂದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಆ ಯುಗದ ನೆಲೆಗಳ ಮಣ್ಣನ್ನು ಜರಡಿ ಹಿಡಿದು ಸುಟ್ಟ ಕಾಳುಗಳನ್ನು ಹೆಕ್ಕಿದಾಗ, ಕೊರಲೆಯಂಥ ಕಿರುಧಾನ್ಯಗಳೂ ಹುರುಳಿ, ಹೆಸರುಗಳೂ ಸಿಕ್ಕವು. ಎಂದರೆ ಬಿತ್ತುವುದೂ ಮೇಯಿಸುವುದೂ ಆಗಲೇ ಜೊತೆಜೊತೆಗೆ ನಡೆದಿದ್ದವು. ಯಜಮಾನ ಹೇಳಿದ ಒಪ್ಪಂದ ಅಂದೇ ಈ ರೂಪದಲ್ಲಿ ಇತ್ತೆಂದು ನಾನು ಹೇಳಲಾರೆ. ಆದರೆ ಒಪ್ಪಂದದ ಎರಡು ಕಡೆಯವರೂ ಅಂದೇ ಈ ನೆಲದ ಮೇಲೆ ಇದ್ದರೆಂಬುದಕ್ಕೆ ಸಂಶಯವಿಲ್ಲ.

ದನಗಾಹಿಗಳ ಬಿಡಾರದ ಮೇಲೆ ಮುಂದೆ ದಂಡಿನ ಬಿಡಾರಗಳು ಬಂದವು. ಎಡೆದೊರೆಗೆ ಹೊಡೆದಾಡದ ಅರಸುಮನೆತನವೇ ವಿರಳ. ೧೫೨೦ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದ ಕಥೆಯನ್ನು ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟಿದ್ದಾನೆ. ಅವನ ವರ್ಣನೆಯಲ್ಲಿ ರಾಯನ ದಂಡು ಇಳಿದ ಜಾಗ ಒಂದು ನಡೆಯುವ ಪಟ್ಟಣ. ಬೀದಿಗಳು, ಒಬ್ಬೊಬ್ಬ ನಾಯಕನ ಪಾಳೆಯಕ್ಕೂ ಒಂದೊಂದು ಸಂತೆ. ಮಾಂಸ, ಕಾಳು, ರತ್ನ, ಬಟ್ಟೆ, ಯಾವುದಕ್ಕೂ ಕೊರತೆಯಿಲ್ಲ. ರಾಜನ ಡೇರೆಯ ಸುತ್ತ ಮಾತ್ರ ಮುಳ್ಳಿನ ಬೇಲಿ, ಒಳಹೋಗಲು ಒಂದೇ ದಾರಿ. ಚಕ್ರವರ್ತಿಯಾದರೂ ಬಯಲಲ್ಲಿ ಮಲಗುವಾಗ ದನದ ಹಟ್ಟಿಯ ಕಟ್ಟೋಣವನ್ನೇ ಅವಲಂಬಿಸಬೇಕಾಯಿತು ಎಂದು ಓದುವಾಗ ನಗು ಬರುತ್ತದೆ.

ಆದರೆ ದಂಡಿನ ಬೀಡಿಗೂ ಕುರುಬನ ಬೀಡಿಗೂ ಒಂದು ದೊಡ್ಡ ಅಂತರವಿದೆ. ಕುರಿ ಮಲಗಿ ಎದ್ದ ಹೊಲ ಹಸನಾಗುತ್ತದೆ. ದಂಡು ಮಲಗಿ ಎದ್ದ ಹೊಲ ಹಾಳಾಗುತ್ತದೆ. ಅಷ್ಟು ಬಾಯಿಗಳಿಗೆ ಕಾಳು ತರುತ್ತಿದ್ದವರು ಯಾರು? ಮುಂದಿನ ಶತಮಾನಗಳಲ್ಲಿ ಮೊಗಲರ, ಇಂಗ್ಲಿಷರ ದಂಡುಗಳಿಗೆ ಸಾವಿರಾರು ಹೇರೆತ್ತುಗಳ ಮೇಲೆ ಧಾನ್ಯ ತಂದವರು ಲಂಬಾಣಿಗಳು. ಅವರದು ಬಿಡಾರದಿಂದ ಬಿಡಾರಕ್ಕೆ ಬದುಕು. ೧೮೭೧ರಲ್ಲಿ ಮುಂಬಯಿಯ ರೈಲುದಾರಿಯೂ ಮದರಾಸಿನ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದವು. ಹೇರೆತ್ತಿಗೆ ಕೆಲಸ ತಪ್ಪಿತು. ಚಲಿಸುತ್ತಿದ್ದ ತಾಂಡಾಗಳು ಒಂದೊಂದಾಗಿ ನೆಲೆ ನಿಂತವು. ಇಂದು ನಮ್ಮ ಜಿಲ್ಲೆಯಲ್ಲಿ ಊರ ಹೆಸರಾಗಿರುವ ‘ತಾಂಡಾ’ ಎಂಬ ಮಾತು ಒಂದು ನಿಂತುಹೋದ ಪಯಣದ ಗುರುತು.

ಬಿಡಾರ ಹೂಡಿದವರಲ್ಲಿ ಇನ್ನೊಂದು ಬಗೆಯವರನ್ನೂ ನೆನೆಯಬೇಕು. ಸುರಪುರದಲ್ಲಿ ೧೮೪೧ರಿಂದ ೧೮೫೩ರವರೆಗೆ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಆ ಸೀಮೆಯ ರಾಜನಕೋಳೂರು ಮುಂತಾದೆಡೆ ಹಾಸುಗಲ್ಲಿನ ಪ್ರಾಚೀನ ಸಮಾಧಿಗಳನ್ನು ಅಳೆದು, ಚಿತ್ರ ಬರೆದು ಪ್ರಕಟಿಸಿದ. ಅವು ‘ಮೋರಿಯರು’ ಎಂಬ ಕುಳ್ಳ ಜನರ ಮನೆಗಳೆಂದು ಹಳ್ಳಿಯವರು ಹೇಳಿದ್ದನ್ನೂ ಬರೆದಿಟ್ಟ. ೧೯೧೫ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನ ಹುಡುಕುತ್ತ ಮಸ್ಕಿಯ ಗುಡ್ಡ ಹತ್ತಿ, ಚಿನ್ನಕ್ಕಿಂತ ಹೆಚ್ಚಿನದನ್ನು ಕಂಡ: ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಲೋಕಕ್ಕೆ ತಿಳಿಸಿದ ಶಾಸನ. ಆಳುವವರ ಕಡೆಯಿಂದ ಬಂದವರು ಇವರು. ಇವರ ಡೇರೆ ಹೊತ್ತವರು, ನೀರು ತಂದವರು, "ಅಲ್ಲೊಂದು ಕಲ್ಲೈತ್ರಿ" ಎಂದು ದಾರಿ ತೋರಿಸಿದವರು ಯಾರೆಂಬುದು ಪುಸ್ತಕಗಳಲ್ಲಿ ಇಲ್ಲ. ಗುಡ್ಡದ ಸಂದುಗೊಂದು ಬಲ್ಲವನು ಕುರಿ ಕಾಯುವವನಲ್ಲದೆ ಮತ್ತಾರು? ನಮ್ಮ ಚರಿತ್ರೆಯ ಅರ್ಧವನ್ನು ಬಿಡಾರದವರೇ ಮಾಡಿದರು. ಇನ್ನರ್ಧವನ್ನು ಬಿಡಾರದವರೇ ಹುಡುಕಿಕೊಟ್ಟರು.

ಈಗ ಈ ಎರಡೂ ಕಳೆದುಹೋಗುತ್ತಿವೆ. ಮೊದಲು ಬೂದಿಯ ಮಾತು. ಬೂದಿ ಒಳ್ಳೆಯ ಗೊಬ್ಬರ. ಬಂಡಿಯ ಕಾಲದಲ್ಲಿ ಬುಟ್ಟಿ ಬುಟ್ಟಿಯಾಗಿ ಹೋಗುತ್ತಿದ್ದದ್ದು, ಯಂತ್ರದ ಕಾಲದಲ್ಲಿ ದಿಬ್ಬಕ್ಕೆ ದಿಬ್ಬವೇ ಹೋಗುತ್ತದೆ. ಹಲವು ದಿಬ್ಬಗಳು ಹೀಗೆ ಕರಗಿವೆ. ಕೆಲವು ರಸ್ತೆಗೆ, ಹೊಲದ ವಿಸ್ತಾರಕ್ಕೆ ಬಲಿಯಾಗಿವೆ. ಬಡ ರೈತನನ್ನು ಇದಕ್ಕಾಗಿ ಬಯ್ಯುವುದು ನ್ಯಾಯವಲ್ಲ. ಅದು ಏನೆಂದು ಅವನಿಗೆ ನಾವು ಯಾವಾಗ ಹೇಳಿದೆವು? ಹಂಪೆಯ ಕಲ್ಲಿಗೆ ಕಾವಲು ಇಟ್ಟ ನಾವು, ಹಂಪೆಗಿಂತ ಮೂರು ಸಾವಿರ ವರ್ಷ ಹಿರಿದಾದ ಬೂದಿಗೆ ಒಂದು ಹಲಗೆಯನ್ನಾದರೂ ಎಲ್ಲ ಕಡೆಯೂ ನೆಡಲಿಲ್ಲ.

ಇನ್ನು ಜೀವಂತ ಬಿಡಾರದ ಮಾತು. ೧೯೮೨ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣಗೊಂಡಿತು. ಅದರ ಬಲದಂಡೆ ನಾಲೆ ಮುಂದೆ ದೇವದುರ್ಗದ ಸೀಮೆಗೂ ನೀರು ತಂದಿತು. ಬರದಿಂದ ಬೆಂದ ಈ ನೆಲಕ್ಕೆ ಬಂದ ನೀರನ್ನು ಯಾರು ಹಳಿದಾರು? ಗುಳೆ ಹೋಗುತ್ತಿದ್ದ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿದ್ದು ಆ ನೀರಿನಿಂದ. ಆದರೆ ಎರಡು ಬೆಳೆ ಬಂದ ಹೊಲ ಖಾಲಿ ಬೀಳುವುದಿಲ್ಲ. ಖಾಲಿ ಬೀಳದ ಹೊಲದಲ್ಲಿ ಕುರಿ ಮಲಗಲಾರದು. ಅಂಗಡಿಯಲ್ಲಿ ಚೀಲದ ಗೊಬ್ಬರ ಸಿಕ್ಕುವಾಗ ಹಿಂಡನ್ನು ಕರೆಯುವ ಅವಸರವೂ ಹಿಂದಿನಷ್ಟಿಲ್ಲ.

ಆ ರಾತ್ರಿ ಯಜಮಾನ ಹೇಳಿದ್ದೂ ಇದನ್ನೇ. "ನಮ್ಮಪ್ಪನ ಕಾಲದಾಗ ಹೊಳಿತನಕ ಬಯಲಿತ್ರಿ. ಎಲ್ಲಿ ಹೊತ್ತು ಮುಣುಗ್ತೈತಿ ಅಲ್ಲೆ ಇಳಿತಿದ್ವಿ. ಈಗ ಮುಂಜಾನೆದ್ದ ಕೂಡ್ಲೆ ಸಂಜಿಗಿ ಎಲ್ಲಿ ಇಳೀಬೇಕು ಅನ್ನೋದ ಚಿಂತಿ." ಮೊಮ್ಮಗ ಏನು ಮಾಡುತ್ತಾನೆಂದು ಕೇಳಿದೆ. "ಸಾಲಿಗಿ ಹಚ್ಚೀನ್ರಿ. ಈ ಕೆಲಸ ಅವಗ ಬ್ಯಾಡ್ರಿ" ಎಂದು ನಾಯಿಯ ತಲೆ ಸವರಿದ. ಶಾಲೆಗೆ ಹೋದದ್ದು ಒಳ್ಳೆಯದೇ ಎಂದೆ. ನಾನು ಹೇಳಿದ್ದು ಸತ್ಯ. ಆದರೆ ಹೇಳಿದ ಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಯಾವ ಮೋಡ ಮಳೆ ಸುರಿಸುತ್ತದೆ, ಯಾವ ಗಿಡ ಮರಿಗೆ ವಿಷ, ಯಾವ ಹೊಲದ ಒಡತಿ ಕೇಳದೆಯೇ ನೀರು ಕೊಡುತ್ತಾಳೆ ಎಂಬ ಪಾಠವನ್ನು ಆ ಹುಡುಗನ ಶಾಲೆಯಲ್ಲಿ ಯಾರು ಹೇಳುತ್ತಾರೆ? ನನ್ನಂಥ ಮಾಸ್ತರರಿಗೆ ಅದು ಗೊತ್ತಿಲ್ಲ.

ಬೆಳಗಾಗುವ ಮೊದಲೇ ಬಿಡಾರ ಎದ್ದಿತು. ಗೂಟ ಕಿತ್ತರು, ಬಲೆ ಸುತ್ತಿದರು, ಕುದುರೆಯ ಮೇಲೆ ಹೇರಿದರು. ಅರ್ಧ ಗಂಟೆಯಲ್ಲಿ ಸಂಸಾರವೆಲ್ಲ ಕಟ್ಟಿ ಮುಗಿಯಿತು. ಹಿಂಡು ಹೋದ ಮೇಲೆ ಹೊಲದಲ್ಲಿ ಉಳಿದದ್ದು ಹಿಕ್ಕೆ, ಮೂರು ಕಲ್ಲು, ಒಂದು ಹಿಡಿ ಬೂದಿ.

ಹುಡುಗನಿಗೆ ಈ ಉತ್ತರ ಸಲ್ಲಬೇಕು. ಮಳೆಗಾಲಕ್ಕೆ ಮುಂಚೆ ಅವನನ್ನೂ ಅವನ ಗೆಳೆಯರನ್ನೂ ಕರೆದುಕೊಂಡು ಮೊದಲು ಬೂದಿಹಾಳಕ್ಕೆ, ಅಲ್ಲಿಂದ ಹೊಳೆ ದಾಟಿ ಜಾಲಹಳ್ಳಿಯ ಕಡೆಗೆ ಹೋಗಬೇಕೆಂದಿದ್ದೇನೆ. ಬಾಡಿಗೆಯ ಡೇರೆ ಬೇಡ. ಒಬ್ಬೊಬ್ಬರಿಗೆ ಒಂದೊಂದು ಕಂಬಳಿ ಸಾಕು. ಯಜಮಾನನ ಹಿಂಡು ಯಾವ ಹೊಲದಲ್ಲಿ ಇಳಿದಿದೆಯೆಂದು ಮಾತ್ರ ಮೊದಲು ವಿಚಾರಿಸಿಕೊಳ್ಳಬೇಕು.